ಅರ್ಧ ಇಂಚಿನ ಅರ್ಜಿ

ಆಸ್ತಿಯ ಮಾಲೀಕರ ಹೆಸರು, ಅಂತ ಮೊದಲನೇ ಸಾಲು.
ತುಳಜನಸಾ ಅಂತ ಬರದೆ.
ಸಹಿ ಎಲ್ಲೈತ್ರಿ? ಅಂದ ನಗರಸಭೆ ಹುಡುಗ,
ಚಹಾದ ಕಪ್ಪು ಅರ್ಜಿ ಮ್ಯಾಲೇ ಇಟ್ಟು.

ಮಾವ ಹೋಗಿ ಒಂಬತ್ತು ವರ್ಷ.
ಉತಾರದಾಗ ಇನ್ನೂ ಅವರೇ ಅದಾರ,
ಮನಿಪಟ್ಟಿ ತುಂಬತಾರ, ಪಾವತಿ ತಗೋತಾರ.
ನೀರು ಬೇಕಂದ್ರ ಮಾತ್ರ
ಎದ್ದು ಬಂದು ಸಹಿ ಮಾಡಬೇಕು.

ಬೆಟಗೇರಿಯ ಈ ಮನಿಗೆ ನಡುವ ಒಂದು ಗ್ವಾಡಿ.
ಮಗ್ಗದ ಕುಣಿ ನಮ್ಮ ಪಾಲಿಗೆ ಬಂತು,
ನಳ ಭಾವನ ಕಡೆ ಉಳೀತು.
ಅದು ಪಾಲು ಅಂತ ಆವಾಗ ಅನಿಸಿದ್ದಿಲ್ಲ:
ನೀರು ಬಂದ ರಾತ್ರಿ ನೆಗೆಣ್ಣಿ
ಗ್ವಾಡಿ ಮ್ಯಾಲಿಂದ ಹಸರು ಪೈಪು ಇಳಿಬಿಡತಿದ್ಲು,
ನಾ ಹಿಡಕೊಂಡು ಹೌದು ತುಂಬಸತಿದ್ದೆ.
ಅತ್ತಿಯ ತಾಮ್ರದ ಹಂಡೆ ಯಾರಿಗೆ ಅನ್ನೂ ಮಾತು ಬಂತು ಒಂದಿನ.
ಹಂಡೆ ಆಕಿ ಇಟಗೊಂಡ್ಲು.
ಪೈಪು ಬರೂದು ನಿಂತಿತು.

ಒಂದು ಆಸ್ತಿಗೆ ಒಂದೇ ಸಂಪರ್ಕ.
ಎರಡು ಬೇಕಂದ್ರ ಆಸ್ತಿ ಎರಡಾಗಬೇಕು, ಕಾಗದದ ಮ್ಯಾಲೆ.
ಗ್ವಾಡಿ ಲೆಕ್ಕಕ್ಕಿಲ್ಲ,
ಎರಡು ವರ್ಷ ಮಾತು ಬಿಟ್ಟದ್ದೂ ಲೆಕ್ಕಕ್ಕಿಲ್ಲ.
ವಾರಸಾ, ವಾಟ್ನಿ, ಬಾಂಡಿನ ಮ್ಯಾಲೆ ಭಾವನ ಒಪ್ಪಿಗೆ.
ಭಾವ ನೋಟರಿ ಕಡೆ ಬಂದ, ನಿಂತಗೊಂಡೇ ಸಹಿ ಮಾಡಿದ,
ಪೆನ್ನು ವಾಪಸ್ ಕೊಡೂದು ಮರತು ಹೋದ.

ಡಿಪಾಜಿಟ್ಟು ತುಂಬಿದೆ. ರಸ್ತೆ ಅಗಿಯೂ ಫೀ
ಮೀಟರಿಗೆ ಇಷ್ಟು ಅಂತ, ಅದೂ ತುಂಬಿದೆ;
ನಮ್ಮ ಓಣಿ ಕಾಂಕ್ರೀಟು ಆಗಿ ಆರು ತಿಂಗಳಾಗಿತ್ತು ಅಷ್ಟ.
ಲೈಸೆನ್ಸ್ ಇದ್ದ ಪ್ಲಂಬರ್ರೇ ಬೇಕು.
ದಾವಲಸಾಬ ಬಂದ, ಸೈಕಲ್ಲಿಗೆ ಪಾನಾ ಕಟಗೊಂಡು.

ಗಟಾರದ ಕೆಳಗ ಪೈಪು ಒಯ್ಯಂಗಿಲ್ರಿ ಬಾಯಾರ,
ಮ್ಯಾಲಿಂದ ದಾಟಸಬೇಕು.
ಮೀಟರಿನ ಸೀಲು ಮುಟ್ಟಂಗಿಲ್ಲ.
ಮೋಟರು ಹಚ್ಚಂಗಿಲ್ಲ: ನೀವು ಎಳದ್ರ
ಓಣಿ ತುದಿ ಮನಿ ನಳ ಬರೇ ಉಸುರು ಬಿಡತೈತಿ.
ಎಲ್ಲಾರೂ ಹಚ್ಚ್ಯಾರಲ್ಲೋ? ಅಂದೆ.
ಹಚ್ಚ್ಯಾರ, ಅಂದ. ಹಚ್ಚಂಗಿಲ್ಲ.

ಎರಡು ಮೊಳ ಅಗದಿದ್ರು.
ಗುದ್ದಲಿ ಖಣ್ಣಂತು.
ದೊಡ್ಡ ಲೈನಿನಿಂದ ನಮ್ಮ ಹೊಸ್ತಿಲ ತನಕ
ಒಂದು ಹಳೇ ಕಬ್ಬಿಣದ ಪೈಪು,
ಬಾಯಿಗೆ ಬಿಗಿದ ಬಿರಡಿ.
ದಾವಲಸಾಬ ತಿರುವಿ ತಗದ.
ಆಟಿಗೆ ಸಣಬು ಸುತ್ತೂ ಜಾಗಾದಾಗ
ಸೀರಿಯ ಕೆಂಪು ರೇಷ್ಮಿ ಎಳಿ,
ಮಣ್ಣಾಗ ಮಲಗಿದ್ರೂ ಬಣ್ಣ ಬಿಟ್ಟಿರಲಿಲ್ಲ.

ಇಬ್ಬರು ಗಂಡುಮಕ್ಕಳು, ಎರಡು ನಳ.
ಗ್ವಾಡಿ ಏಳೂದಕ್ಕ ಇಪ್ಪತ್ತು ವರ್ಷ ಮೊದಲ
ಲೆಕ್ಕ ಹಾಕಿ ಹೂತು, ಬಾಯಿ ಮುಚ್ಚಿ,
ತಮ್ಮದೂ ಮುಚಗೊಂಡು ಹೋಗಿದ್ರು.

ದಾವಲಸಾಬ ಬೆರಳು ಮಡಚಿ ಎಣಿಸಿದ:
ಇದನ್ನ ತೋರಿಸಿದ್ರ ಹಳೇ ಸಂಪರ್ಕ ಆಗತೈತಿ.
ಮೂವತ್ತೊಂದು ವರ್ಷದ ಬಾಕಿ, ಮ್ಯಾಲೆ ಬಡ್ಡಿ,
ಮಂಜೂರಿ ಚೀಟಿ ಸಿಗಲಿಲ್ಲಂದ್ರ ದಂಡ.
ತೋರಸದಿದ್ರ?
ತೋರಸದಿದ್ರ ಕಬ್ಬಿಣ.

ಭಾವ ಯಾವಾಗ ಬಂದು ನಿಂತಿದ್ನೋ.
ತೆಗ್ಗಿನ ದಂಡಿಗೆ ಕುಕ್ಕರಗಾಲಿಲೆ ಕುಂತು
ಎಳಿ ಬೆರಳಿಗೆ ಸುತಗೊಂಡ, ಬಿಚ್ಚಿದ.
ಅಪ್ಪನ ಗಂಟು, ಅಂದ.
ಬಿರಡಿ ತಾನೇ ತಿರುವಿ ಕೂಡಿಸಿದ.
ಮೊದಲನೇ ಬೊಗಸಿ ಮಣ್ಣು ಅವನೇ ಹಾಕಿದ.

ಹೊಸ ಪೈಪು ಅದರ ಮಗ್ಗಲಕ್ಕ ಗೇಣು ದೂರ ಮಲಗೇತಿ,
ನೀಲಿ, ಪ್ಲಾಸ್ಟಿಕ್ಕು, ಹತ್ತು ವರ್ಷ ಗ್ಯಾರಂಟಿ.

ಹನ್ನೊಂದನೇ ದಿನ, ರಾತ್ರಿ ಮೂರಕ್ಕ
ವಾಲ್ವ್ ತಿರುವಿದ ಸಪ್ಪಳ.
ನಳ ಕೆಮ್ಮಿತು, ಗಾಳಿ ಉಗುಳಿತು, ಕೆಂಪು ನೀರು, ಆಮ್ಯಾಲೆ ತಿಳಿ.
ಗ್ವಾಡಿ ಆಚೆ ನೆಗೆಣ್ಣಿಯ ಕೊಡ, ಈಚೆ ನನ್ನದು;
ಯಾರದು ಮೊದಲ ತುಂಬಿತು ಅಂತ ಇಬ್ಬರಿಗೂ ಕೇಳಿಸತಿತ್ತು.

ಅರ್ಜಿಯ ಹನ್ನೆರಡನೇ ಕಾಲಮ್ಮು ನೆನಪಾತು.
ಈ ಆಸ್ತಿಗೆ ಹಿಂದೆ ಸಂಪರ್ಕ ಪಡೆಯಲಾಗಿತ್ತೇ?
ಹೌದು / ಇಲ್ಲ. ಬೇಡವಾದದ್ದನ್ನು ಹೊಡೆದುಹಾಕಿ.
ಅಗಿಯೂದಕ್ಕ ಮೊದಲ ಬರದ ಅರ್ಜಿ ಅದು.
ಹೌದು ಅನ್ನೂದನ್ನ ಹೊಡದಿದ್ದೆ,
ಸ್ಕೇಲು ಇಟ್ಟು, ನೆಟ್ಟಗ.

ಈಗ ಹೌದಿನಾಗ ನೀರು ಬೀಳಾಕತ್ತೈತಿ.